ಪರದೇಶದಲ್ಲಿ ಅರ್ಧವರ್ಷದ ವ್ಯಾಸಂಗ

ಹೋದ ವರ್ಷ ಯುಗಾದಿ ಕಳೆದು ಒಂದು ವಾರವಾಗಿದ್ದಿರಬಹುದು. ತೀರ್ಥಹಳ್ಳಿಯ ಕಡೆಯ ಅಡಕೆ ತೋಟದ ಗೃಹಸ್ಥರೊಬ್ಬರು ಮಗಳನ್ನು ಜೊತೆಗೆ ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗಿ ನಮ್ಮ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಎಂ. ಎಸ್‌ಸಿ. ತರಗತಿಯಲ್ಲಿ ಓದುತ್ತಿದ್ದಳು. ಜರ್ಮನಿಯ ಒಂದು ವಿಶ್ವವಿದ್ಯಾನಿಲಯಕ್ಕೆ ಹೋಗಿ, ಅಲ್ಲಿ ಒಂದು ಸೆಮಿಸ್ಟರು, ಎಂದರೆ ಅರ್ಧ ವರ್ಷ, ಕಲಿತು ಬರಬೇಕೆಂಬುದು ಅವಳ ಆಸೆ. ನಾನು ಪಾಠ ಹೇಳುವುದು ಇಂಗ್ಲಿಷಾದರೂ, ಪರದೇಶದ ವ್ಯಾಸಂಗಕ್ಕೆ ಸಂಬಂಧಿಸಿದ ಕಾಗದಪತ್ರಗಳನ್ನು ನೋಡಿಕೊಳ್ಳುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ.

ಕಾಫಿಯಾದ ಮೇಲೆ ತಂದೆ ನೇರವಾಗಿಯೇ ಕೇಳಿದರು: “ಮೇಷ್ಟ್ರೇ, ಒಟ್ಟು ಎಷ್ಟಾಗುತ್ತದೆ, ಹೇಳಿಬಿಡಿ. ಕೆಳಗಿನ ತೋಟದ ಪತ್ರ ನನ್ನ ಹೆಸರಿನಲ್ಲೇ ಇದೆ.”

ಆ ಮಾತನ್ನು ಕೇಳಿ ಮಗಳು ತಲೆಯೆತ್ತಿ ತಂದೆಯ ಮುಖವನ್ನು ನೋಡಿದಳು. ತೋಟವನ್ನು ಅಡವಿಡುವ ಯೋಚನೆ ಅವಳಿಗೆ ಅದುವರೆಗೆ ತಿಳಿದೇ ಇರಲಿಲ್ಲವೆಂಬುದು ನನಗೆ ಆಗ ಹೊಳೆಯಿತು. “ಯಜಮಾನರೇ, ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕುವವರೆಗೆ ನಾನು ಮೊತ್ತವನ್ನು ಹೇಳಲಾರೆ, ನೀವೂ ಪತ್ರವನ್ನು ಪೆಟ್ಟಿಗೆಯಿಂದ ತೆಗೆಯಬೇಡಿ” ಎಂದೆ. ಆ ನಾಲ್ಕು ಪ್ರಶ್ನೆಗಳನ್ನೇ ಈ ದಿನ ಶ್ರೋತೃಗಳ ಮುಂದೆ ಇಡಬೇಕೆಂದು ನನ್ನ ಉದ್ದೇಶ.

ಪರದೇಶಕ್ಕೆ ಹೋಗಿ ಪದವಿಯನ್ನೇ ಪಡೆದು ಬರುವುದು ಒಂದು. ಇಲ್ಲಿಯ ಪದವಿಗೆ ಓದುತ್ತಿರುವಾಗಲೇ ನಡುವೆ ಅರ್ಧ ವರ್ಷವೋ ಒಂದು ವರ್ಷವೋ ಹೊರಗೆ ಕಲಿತು ಬರುವುದು ಇನ್ನೊಂದು. ಮೊದಲನೆಯದು ನಮಗೆ ಹಳೆಯದು. ಎರಡನೆಯದಕ್ಕೆ ಅಮೆರಿಕದಲ್ಲಿ ಹಾದಿ ಹಾಕಿದ್ದು ಡೆಲವೇರ್ ವಿಶ್ವವಿದ್ಯಾನಿಲಯ. ೧೯೨೩ರಲ್ಲಿ ಅದರ ಎಂಟು ಮಂದಿ ವಿದ್ಯಾರ್ಥಿಗಳು ರೇಮಂಡ್ ಕರ್ಕ್‌ಬ್ರೈಡ್ ಎಂಬ ಅಧ್ಯಾಪಕರೊಡನೆ ಫ್ರಾನ್ಸಿಗೆ ಹಡಗಿನಲ್ಲಿ ಹೋದರು. ಯೂರೋಪಿನಲ್ಲಿ ೧೯೮೭ರಲ್ಲಿ ಎರಾಸ್ಮಸ್ ಎಂಬ ಯೋಜನೆ ಆರಂಭವಾಗಿ, ಈ ಬಗೆಯ ವ್ಯಾಸಂಗ ಸಾಮಾನ್ಯ ವಿದ್ಯಾರ್ಥಿಯ ಕೈಗೂ ಎಟುಕುವಂತಾಯಿತು. ಅಲ್ಲಿ ಕಲಿತದ್ದನ್ನು ಇಲ್ಲಿಯ ಪದವಿಯ ಲೆಕ್ಕಕ್ಕೆ ಸೇರಿಸಿಕೊಳ್ಳುವುದೇ ಈ ಏರ್ಪಾಡಿನ ಜೀವಾಳ. ಅದು ತಪ್ಪಿದರೆ ಉಳಿಯುವುದು ದುಬಾರಿಯಾದ ಒಂದು ದೇಶಸಂಚಾರ ಮಾತ್ರ.

ಆದುದರಿಂದ ಮೊದಲನೆಯ ಪ್ರಶ್ನೆ ಹಣದ್ದಲ್ಲ. ಅಲ್ಲಿ ಕಲಿಯುವ ಪಾಠಗಳನ್ನು ನಮ್ಮ ಕಾಲೇಜು ಒಪ್ಪಿಕೊಳ್ಳುತ್ತದೆಯೆ? ಇದನ್ನು ಮೊದಲು ಇಡುವುದಕ್ಕೆ ನನಗೆ ಕಾರಣವಿದೆ. ಹಲವು ವರ್ಷಗಳ ಹಿಂದೆ ಒಬ್ಬ ಹುಡುಗನಿಗೆ ನಾನು ತುಂಬುಮನಸ್ಸಿನಿಂದ ಶಿಫಾರಸು ಪತ್ರ ಬರೆದುಕೊಟ್ಟೆ. ಅವನು ಹೋದ, ಚೆನ್ನಾಗಿ ಓದಿದ, ಒಳ್ಳೆಯ ಅಂಕಗಳನ್ನೂ ತಂದ. ಹಿಂದಿರುಗಿದ ಮೇಲೆ ನೋಡಿದರೆ ಆ ಪಾಠಗಳಲ್ಲಿ ಒಂದೂ ಇಲ್ಲಿಯ ಪಠ್ಯಕ್ರಮಕ್ಕೆ ಹೊಂದಲಿಲ್ಲ. ತನಗಿಂತ ಕೆಳಗಿನ ತರಗತಿಯವರ ಜೊತೆಯಲ್ಲಿ ಕುಳಿತು ಅವನು ಆ ಸೆಮಿಸ್ಟರನ್ನು ಮತ್ತೆ ಓದಬೇಕಾಯಿತು. ಒಂದು ವರ್ಷ ಹೋಯಿತು. ತಂದೆ ಸಾಲಕ್ಕೆ ಬಡ್ಡಿ ತೆರುತ್ತಲೇ ಇದ್ದರು. ತಪ್ಪು ಹುಡುಗನದಲ್ಲ. ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಪತ್ರ ಬರೆದ ನನ್ನದು.

ಇದಕ್ಕೆ ಪರಿಹಾರ ಸುಲಭವಾಗಿದೆ. ಯೂರೋಪಿನಲ್ಲಿ ಒಂದು ಸೆಮಿಸ್ಟರಿನ ಪೂರ್ಣ ವ್ಯಾಸಂಗವನ್ನು ೩೦ ಕ್ರೆಡಿಟ್ಟುಗಳೆಂದು ಎಣಿಸುತ್ತಾರೆ. ಒಂದೊಂದು ಕ್ರೆಡಿಟ್ಟಿಗೆ, ಮನೆಯ ಓದೂ ಸೇರಿ, ೨೫ರಿಂದ ೩೦ ಗಂಟೆಗಳ ದುಡಿಮೆ. ಹೊರಡುವ ಮೊದಲೇ ವಿದ್ಯಾರ್ಥಿ, ಇಲ್ಲಿಯ ಕಾಲೇಜು, ಅಲ್ಲಿಯ ವಿಶ್ವವಿದ್ಯಾನಿಲಯ, ಈ ಮೂವರೂ ರುಜುಮಾಡಿದ ಒಡಂಬಡಿಕೆಯ ಪತ್ರವೊಂದು ಇರತಕ್ಕದ್ದು. ಅಲ್ಲಿಯ ಯಾವ ಪಾಠಕ್ಕೆ ಬದಲಾಗಿ ಇಲ್ಲಿಯ ಯಾವ ಪಾಠ ಬಿಟ್ಟುಹೋಗುತ್ತದೆ ಎಂಬುದು ಅದರಲ್ಲಿ ಸಾಲುಸಾಲಾಗಿ ನಮೂದಾಗಿರಬೇಕು. ಬಾಯಿಮಾತಿನ ಭರವಸೆ ಸಾಲದು; ಭರವಸೆ ಕೊಟ್ಟವರು ವರ್ಗವಾಗಿ ಹೋಗಬಹುದು, ಕಾಗದ ಎಲ್ಲಿಗೂ ಹೋಗುವುದಿಲ್ಲ. ಪಾಠ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂಬುದನ್ನೂ ಆಗಲೇ ವಿಚಾರಿಸಬೇಕು. ಜರ್ಮನಿಯಲ್ಲಿ ಎಂ. ಎಸ್‌ಸಿ. ಮಟ್ಟದಲ್ಲಿ ಇಂಗ್ಲಿಷಿನ ತರಗತಿಗಳು ಬೇಕಾದಷ್ಟಿವೆ. ಅದಕ್ಕೆ ಕೆಳಗಿನ ಪದವಿಯ ತರಗತಿಗಳು ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿಯೇ ನಡೆಯುತ್ತವೆ.

ಎರಡನೆಯ ಪ್ರಶ್ನೆ: ಬೋಧನಶುಲ್ಕವನ್ನು ಯಾರಿಗೆ ಕೊಡಬೇಕು? ಎರಡು ವಿಶ್ವವಿದ್ಯಾನಿಲಯಗಳು ತಮ್ಮ ವಿದ್ಯಾರ್ಥಿಗಳನ್ನು ಪರಸ್ಪರ ಕಳುಹಿಸಿಕೊಳ್ಳುವ ವಿನಿಮಯದ ಕರಾರು ಮಾಡಿಕೊಂಡಿದ್ದರೆ, ಸಾಮಾನ್ಯವಾಗಿ ವಿದ್ಯಾರ್ಥಿ ಇಲ್ಲಿಯ ಶುಲ್ಕವನ್ನು ಇಲ್ಲಿಯೇ ಕಟ್ಟುತ್ತಾನೆ, ಅಲ್ಲಿ ಕಟ್ಟಬೇಕಾಗಿಲ್ಲ. ಕರಾರಿಲ್ಲದೆ ತಾನಾಗಿ ಹೋಗುವವನು ಅಲ್ಲಿಯ ಶುಲ್ಕಕ್ಕೆ ಒಳಪಡುತ್ತಾನೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬಹುಮಟ್ಟಿಗೆ ಬೋಧನಶುಲ್ಕವಿಲ್ಲ. ಆದರೆ ಬಾಡೆನ್ ವ್ಯುರ್ಟೆಂಬೆರ್ಗ್ ಪ್ರಾಂತದಲ್ಲಿ, ಎಂದರೆ ನಮ್ಮ ಕಿಟ್ಟೆಲ್ ಮಹಾಶಯರು ೧೯೦೩ರಲ್ಲಿ ಕಾಲವಾದ ಟ್ಯೂಬಿಂಗೆನ್ ಊರಿರುವ ಪ್ರಾಂತದಲ್ಲಿ, ಯೂರೋಪಿನ ಒಕ್ಕೂಟಕ್ಕೆ ಹೊರಗಿನ ವಿದ್ಯಾರ್ಥಿಗಳಿಗೆ ೨೦೧೭ರಿಂದ ಸೆಮಿಸ್ಟರಿಗೆ ೧,೫೦೦ ಯೂರೋ ವಿಧಿಸಿದ್ದಾರೆ. ವಿನಿಮಯದಲ್ಲಿ ಬಂದವರಿಗೆ ಅದರಿಂದ ವಿನಾಯಿತಿ. ಅಮೆರಿಕದ ಹೆಸರಾದ ಖಾಸಗಿ ವಿಶ್ವವಿದ್ಯಾನಿಲಯಗಳಲ್ಲಿಯಾದರೋ ಒಂದು ಸೆಮಿಸ್ಟರಿನ ಬೋಧನಶುಲ್ಕವೇ ೩೦,೦೦೦ ಡಾಲರನ್ನು ಮೀರುವುದುಂಟು. ಹೀಗಿರುವಲ್ಲಿ, ನಡುವೆ ನಿಂತು “ಎಲ್ಲವನ್ನೂ ನಾವೇ ಮಾಡಿಸಿಕೊಡುತ್ತೇವೆ” ಎನ್ನುವ ದಲ್ಲಾಳಿಗಳ ಬಾಗಿಲಿಗೆ ಹೋಗುವ ಮೊದಲು, ತಮ್ಮ ಕಾಲೇಜಿಗೆ ಯಾರ ಯಾರ ಜೊತೆಯಲ್ಲಿ ಕರಾರಿದೆ ಎಂದು ಕಛೇರಿಯಲ್ಲಿ ಒಂದು ಮಾತು ಕೇಳುವುದು ಮೇಲು.

ಮೂರನೆಯದು ವಾಸದ ವೆಚ್ಚ. ಶುಲ್ಕವಿಲ್ಲವೆಂದರೆ ಖರ್ಚಿಲ್ಲವೆಂದು ತಿಳಿಯಬಾರದು. ಜರ್ಮನಿಯ ಸರ್ಕಾರ ೨೦೨೪ರ ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿಯ ಜೀವನಕ್ಕೆ ತಿಂಗಳಿಗೆ ೯೯೨ ಯೂರೋ ಬೇಕೆಂದು ಗೊತ್ತುಮಾಡಿತು. ವರ್ಷಕ್ಕೆ ೧೧,೯೦೪ ಯೂರೋ. ವೀಸಾ ಕೇಳುವಾಗಲೇ, ಇರುವ ಅವಧಿಗೆ ತಕ್ಕಷ್ಟು ಹಣ ಇದೆಯೆಂದು ತೋರಿಸಬೇಕು. ಇದನ್ನು ಬ್ಲಾಕ್ಡ್ ಅಕೌಂಟು ಎಂಬ ಖಾತೆಯಲ್ಲಿ ಇಡುವುದು ವಾಡಿಕೆ. ಹಣ ಯಾರಿಗೋ ಕೊಟ್ಟದ್ದಲ್ಲ, ವಿದ್ಯಾರ್ಥಿಯದೇ. ಅಲ್ಲಿಗೆ ಹೋದ ಮೇಲೆ ತಿಂಗಳು ತಿಂಗಳು ಇಷ್ಟೆಂದು ಬಿಡುಗಡೆಯಾಗುತ್ತದೆ, ಅಷ್ಟೆ. ಕೈಬಿಗಿಹಿಡಿದು ಬಾಳಿದರೆ ಅದರಲ್ಲಿ ಕೊಂಚ ಉಳಿಯಲೂಬಹುದು.

ಈಗ ಅಂಕಿಗಳನ್ನು ಕೂಡಿಸೋಣ. ಎಣಿಕೆಯ ಅನುಕೂಲಕ್ಕಾಗಿ ಯೂರೋ ಒಂದಕ್ಕೆ ೧೦೦ ರೂಪಾಯಿ ಎಂದಿಟ್ಟುಕೊಳ್ಳುತ್ತೇನೆ. ಕೇಳುಗರು ಆ ದಿನದ ಧಾರಣೆಯನ್ನು ನೋಡಿ ಸರಿಪಡಿಸಿಕೊಳ್ಳಬೇಕು. ಆರು ತಿಂಗಳ ವಾಸಕ್ಕೆ ೫,೯೫೨ ಯೂರೋ, ಎಂದರೆ ೫,೯೫,೨೦೦ ರೂಪಾಯಿ. ಊಟ, ಕೊಠಡಿಯ ಬಾಡಿಗೆ, ಆರೋಗ್ಯವಿಮೆ ಎಲ್ಲ ಇದರಲ್ಲಿ ಬಂದವು. ವೀಸಾದ ಶುಲ್ಕ ೭೫ ಯೂರೋ, ೭,೫೦೦ ರೂಪಾಯಿ. ಬೋಧನಶುಲ್ಕವಿಲ್ಲದೆಡೆಯಲ್ಲಿಯೂ ವಿದ್ಯಾರ್ಥಿಸಂಘ ಮುಂತಾದವುಗಳಿಗೆಂದು ಸೆಮಿಸ್ಟರಿನ ವಂತಿಗೆ ಇರುತ್ತದೆ. ಊರಿಂದ ಊರಿಗೆ ವ್ಯತ್ಯಾಸವುಂಟು. ೪೦,೦೦೦ ರೂಪಾಯಿ ಹಿಡಿಯೋಣ. ಹೋಗಿಬರುವ ವಿಮಾನಕ್ಕೆ ೧ ಲಕ್ಷ. ಕೂಡಿದರೆ ೭,೪೨,೭೦೦ ರೂಪಾಯಿ. ಇದರ ಮೇಲೆ ಹತ್ತರಲ್ಲೊಂದು ಪಾಲನ್ನು ಆಪತ್ತಿಗೆಂದು ತೆಗೆದಿಡಿ. ಯೂರೋ ಬೆಲೆ ೫ ರೂಪಾಯಿ ಏರಿತೆಂದರೆ ವಾಸದ ವೆಚ್ಚವೊಂದೇ ಸುಮಾರು ೩೦,೦೦೦ ರೂಪಾಯಿ ಏರುತ್ತದೆ. ಕೊಠಡಿಗೆ ಮುಂಗಡ ಕೊಡಬೇಕಾಗುತ್ತದೆ. ಚಳಿಯ ಉಡುಪು ಬೇಕು. ಅಂತು ೮ ಲಕ್ಷ ೧೭ ಸಾವಿರದ ಸಮೀಪಕ್ಕೆ ಬಂದೆವು. ಮೊತ್ತ ಸಣ್ಣದಲ್ಲ. ಆದರೆ “ಏನೋ ಇಪ್ಪತ್ತು ಲಕ್ಷವಾದೀತು” ಎಂಬ ಭಯವೂ, “ಅಲ್ಲಿ ಎಲ್ಲ ಪುಕ್ಕಟೆಯಂತೆ” ಎಂಬ ಭ್ರಮೆಯೂ ಎರಡೂ ಇದರಿಂದ ಕಳೆಯುತ್ತವೆ.

ನಾಲ್ಕನೆಯ ಪ್ರಶ್ನೆ: ಈ ಹಣ ಎಲ್ಲಿಂದ ಬರಬೇಕು, ಮತ್ತು ಯಾವಾಗ ಬರಬೇಕು? ‘ಯಾವಾಗ’ ಎಂಬುದನ್ನು ಜನ ಮರೆಯುತ್ತಾರೆ. ವೀಸಾಕ್ಕೆ ಹಣ ತೋರಿಸಬೇಕಾದದ್ದು ಹೊರಡುವುದಕ್ಕೆ ತಿಂಗಳುಗಳ ಮೊದಲು. ಎರಾಸ್ಮಸ್ ಯೋಜನೆಯಲ್ಲಿ ೨೦೧೫ರಿಂದ ಭಾರತದಂಥ ಹೊರದೇಶಗಳ ವಿದ್ಯಾರ್ಥಿಗಳಿಗೂ ಅವಕಾಶ ದೊರೆತಿದೆ. ಅದು ಸಿಕ್ಕಿದರೆ ತಿಂಗಳ ವೇತನವೂ ಪ್ರಯಾಣದ ಹಣವೂ ದೊರೆತು ಮನೆಯ ಹೊರೆ ಬಹಳ ಇಳಿಯುತ್ತದೆ. ಆದರೆ ಒಬ್ಬೊಬ್ಬರಾಗಿ ಕೇಳಿದರೆ ಅದು ಸಿಕ್ಕುವುದಿಲ್ಲ. ಕಾಲೇಜು ಕಾಲೇಜುಗಳ ಕರಾರಿನ ಮೂಲಕವೇ ಬರಬೇಕು. ವಿದ್ಯಾರ್ಥಿವೇತನದ ಹಿಂದೆ ಷರತ್ತುಗಳಿದ್ದರೆ ಅವನ್ನೂ ಓದಬೇಕು. ಡಾಕ್ಟರ್ ಅಂಬೇಡ್ಕರರು ೧೯೧೩ರಲ್ಲಿ ನ್ಯೂಯಾರ್ಕಿಗೆ ಹೋದದ್ದು ಬರೋಡಾ ಸಂಸ್ಥಾನದ ವೇತನದಿಂದ, ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಹಿಂದಿರುಗಿದ ಮೇಲೆ ಆ ಸಂಸ್ಥಾನದ ಸೇವೆಯಲ್ಲಿರಬೇಕೆಂಬ ಕರಾರು ಅದಕ್ಕಿತ್ತು.

ಸಾಲವನ್ನು ನಾನು ನಿಷೇಧಿಸುವುದಿಲ್ಲ. ಆದರೆ ವಿದ್ಯೆಯ ಸಾಲದಲ್ಲಿ ತೀರಿಸುವ ಕಾಲ ಮುಂದಕ್ಕೆ ಹೋದರೂ ಬಡ್ಡಿ ಮಾತ್ರ ಹಣ ಕೈಸೇರಿದ ದಿನದಿಂದಲೇ ಬೆಳೆಯತೊಡಗುತ್ತದೆಂಬುದನ್ನು ಮರೆಯಬಾರದು. ಪೂರ್ಣ ಪದವಿ ಕೊಡುವ ವ್ಯಾಸಂಗಕ್ಕೆ ಭೂಮಿಯನ್ನು ಆಧಾರವಾಗಿಡುವುದೇ ಯೋಚಿಸಬೇಕಾದ ವಿಷಯ. ಅರ್ಧ ವರ್ಷದ ಅನುಭವಕ್ಕೆ, ಕುಟುಂಬಕ್ಕೆ ಅನ್ನ ಕೊಡುವ ತೋಟವನ್ನು ಇಡುವುದು ನನಗೆ ಸರಿಕಾಣುವುದಿಲ್ಲ. ಕೊಳೆರೋಗ ಬಂದ ವರ್ಷ ಬ್ಯಾಂಕು ಕಾಯುವುದಿಲ್ಲ.

ಇನ್ನು ಲೆಕ್ಕದ ಪುಸ್ತಕದ ಮಾತು. ಗಾಂಧಿಯವರು ೧೮೮೮ರಲ್ಲಿ ಅಣ್ಣನ ಹಣದಿಂದ ಲಂಡನ್ನಿಗೆ ಹೋದಾಗ ಮೊದಮೊದಲು ಉಡುಪು ತೊಡುಪುಗಳಿಗೆ ಧಾರಾಳವಾಗಿ ಖರ್ಚುಮಾಡಿದವರೇ. ಆದರೆ ಬಂಡಿಯ ಬಾಡಿಗೆ, ಅಂಚೆಯ ಚೀಟಿ ಮುಂತಾದ ಸಣ್ಣಪುಟ್ಟ ಕಾಸುಗಳನ್ನೂ ಬರೆದಿಟ್ಟು, ರಾತ್ರಿ ಮಲಗುವ ಮುಂಚೆ ಬಾಕಿ ತೆಗೆಯುವ ಅಭ್ಯಾಸವನ್ನು ಇಟ್ಟುಕೊಂಡಿದ್ದರು. ಆ ಪುಸ್ತಕವೇ ಅವರನ್ನು ಎಚ್ಚರಿಸಿತು. ಅವರು ಒಂದೇ ಕೊಠಡಿಗೆ ಬಿಡಾರ ಬದಲಾಯಿಸಿ, ಬೆಳಗಿನ ಉಪಾಹಾರವನ್ನು ತಾವೇ ಬೇಯಿಸಿಕೊಳ್ಳತೊಡಗಿದರು. ಈಗಿನ ವಿದ್ಯಾರ್ಥಿಗೆ ಆ ಪುಸ್ತಕ ಕಿಸೆಯ ಫೋನಿನಲ್ಲಿಯೇ ಇರಬಹುದು. ಬರೆಯುವ ಕೈ ಮಾತ್ರ ತನ್ನದೇ ಆಗಬೇಕು.

ಈಗ ನಮ್ಮ ಗೃಹಸ್ಥರ ಕಡೆಗೆ ಬರೋಣ. ಆ ಸಂಜೆ ತಂದೆ ಮಗಳು ಇಬ್ಬರೂ ಒಂದೇ ಹಾಳೆಯ ಮುಂದೆ ಕುಳಿತರು. ಮನೆಯಲ್ಲಿ ಕೂಡಿಟ್ಟದ್ದು ಎಷ್ಟು, ಅಡಕೆ ಮಾರಿದ ಹಣ ಯಾವ ತಿಂಗಳಲ್ಲಿ ಬರುತ್ತದೆ, ತಮ್ಮನ ಓದಿಗೆ ಎಷ್ಟು ತೆಗೆದಿಡಬೇಕು, ಎಲ್ಲವನ್ನೂ ತಂದೆ ಮಗಳ ಎದುರಿಗೇ ಹೇಳಿದರು. ಬಹುಶಃ ಅವಳು ಅದನ್ನೆಲ್ಲ ಕೇಳಿದ್ದು ಅದೇ ಮೊದಲ ಸಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಯ್ಯ, ಈ ಅಕ್ಟೋಬರಿಗೆ ಬೇಡ, ಬರುವ ಏಪ್ರಿಲಿಗೆ ಹೋಗುತ್ತೇನೆ” ಎಂದಳು.

ಆ ಒಂದು ಮಾತಿನಿಂದ ಅರ್ಧ ಭಾರ ಇಳಿಯಿತು. ಅಲ್ಲಿಯ ಚಳಿಗಾಲದ ಪಾಠಗಳು ಅಕ್ಟೋಬರ್ ನಡುವಿನಿಂದ ಫೆಬ್ರುವರಿ ನಡುವಿನವರೆಗೆ ನಡೆಯುತ್ತವೆ. ಅವು ಮುಗಿದು ಪರೀಕ್ಷೆ ಕಳೆಯುವಷ್ಟರಲ್ಲಿ ಇಲ್ಲಿ ಮುಂದಿನ ಸೆಮಿಸ್ಟರು ಆರಂಭವಾಗಿಬಿಟ್ಟಿರುತ್ತಿತ್ತು. ಬೇಸಗೆಯ ಪಾಠಗಳು ಏಪ್ರಿಲ್ ನಡುವಿನಿಂದ ಜುಲೈ ಕೊನೆಯವರೆಗೆ. ಇದು ನಮ್ಮ ಕಾಲೇಜಿನ ಕಾಲಕ್ಕೆ ಹೊಂದಿತು. ನಡುವೆ ಒಂದು ಕೊಯ್ಲಿನ ಹಣ ಕೈಸೇರಿತು. ಒಡಂಬಡಿಕೆಯ ಪತ್ರಕ್ಕೆ ಮೂರು ರುಜುಗಳು ಬೀಳಲು ಕಾಲ ಸಿಕ್ಕಿತು. ವಿನಿಮಯದ ಸ್ಥಾನ ದೊರೆತು ಬೋಧನಶುಲ್ಕ ಉಳಿಯಿತು. ಸಾಲದದ್ದಕ್ಕೆ ಅವಳ ಸೋದರಮಾವನಿಂದ ಒಂದು ಲಕ್ಷದಷ್ಟು ಕೈಗಡ.

ಹುಡುಗಿ ಹೋಗಿಬಂದಳು. ಅವಳ ಪಾಠಗಳೆಲ್ಲ ಲೆಕ್ಕಕ್ಕೆ ಬಂದುವು. ಮೊನ್ನೆ ತಂದೆ ಕಾಲೇಜಿಗೆ ಬಂದಿದ್ದಾಗ, ಮಗಳು ಅಲ್ಲಿ ಬರೆದಿಟ್ಟ ಖರ್ಚಿನ ಪಟ್ಟಿಯನ್ನು ನನಗೆ ತೋರಿಸಿದರು. ಮುಂದಾಗಿ ಮಾಡಿದ ಅಂದಾಜಿಗಿಂತ ಕೊಂಚ ಕಡಿಮೆಯಾಗಿತ್ತು. ಅವರು ಬೆರಳಿಟ್ಟು ತೋರಿಸಿದ್ದು ಮೊತ್ತವನ್ನಲ್ಲ. ಒಂದು ಪುಟದಲ್ಲಿ “ಬಸ್ಸು ಬಿಟ್ಟು ನಡೆದದ್ದರಿಂದ ಉಳಿತಾಯ” ಎಂದು ಬರೆದಿದ್ದ ಒಂದು ಸಾಲನ್ನು. “ನೋಡಿ ಮೇಷ್ಟ್ರೇ, ತೋಟದ ಮಗಳು” ಎಂದರು.

ಮಕ್ಕಳನ್ನು ಪರದೇಶಕ್ಕೆ ಕಳುಹಿಸಬೇಕೆಂದಿರುವ ತಂದೆತಾಯಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಒಂದು ವರ್ಷ ಮುಂಚೆ ಆರಂಭಿಸಿ. ಪಾಠದ ಲೆಕ್ಕವನ್ನು ಹಣದ ಲೆಕ್ಕಕ್ಕಿಂತ ಮೊದಲು ಮಾಡಿ. ಮತ್ತು ಮನೆಯ ನಿಜವಾದ ಸ್ಥಿತಿಯನ್ನು ಮಕ್ಕಳಿಂದ ಮುಚ್ಚಿಡಬೇಡಿ. ತಿಳಿಸಿದರೆ ಅವರ ಆಸೆ ಕುಂದೀತೆಂದು ನಾವು ಹೆದರುತ್ತೇವೆ. ಕುಂದುವುದಿಲ್ಲ, ಅದಕ್ಕೆ ವಿವೇಕ ಕೂಡಿಕೊಳ್ಳುತ್ತದೆ.