ಮುರುಗಲು

ಭೈರುಂಬೆಯ ಸೀಮೆಯಲ್ಲಿ ಬೇಸಗೆಯ ಮಧ್ಯಾಹ್ನ ಯಾರ ಮನೆಯ ಜಗಲಿ ಹತ್ತಿದರೂ ಮೊದಲು ಕೈಗೆ ಬರುವುದು ಕೆಂಪು ಪಾನಕದ ಲೋಟ. ಪಟ್ಟಣದಿಂದ ಬಂದ ನೆಂಟರು ಅಂಗಡಿಯ ಬಣ್ಣವೆಂದು ಹಿಂಜರಿಯುವುದುಂಟು. ಅದು ಮುರುಗಲು ಹಣ್ಣಿನ ಸ್ವಂತ ಬಣ್ಣ. ದಕ್ಷಿಣ ಕನ್ನಡದವರ ಪುನರ್ಪುಳಿ, ಮರಾಠಿಗರ ಕೋಕಂ, ಸಂಸ್ಕೃತದ ವೃಕ್ಷಾಮ್ಲ, ಎಲ್ಲವೂ ಇದೇ.

ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣು ಮಾಗುತ್ತದೆ. ಬೆನ್ನಿಗೇ ಮಳೆಗಾಲ. ನಾಲ್ಕು ದಿನ ಬಿಸಿಲು ಸಿಕ್ಕಿದರೆ ಸಿಪ್ಪೆ ಒಣಗಿ ವರ್ಷದ ಹುಳಿಯಾಯಿತು. ಮೋಡ ಮುಸುಕಿದರೆ ಬೂಷ್ಟು ಹಿಡಿಯಿತು. ಆಗ ಒಲೆಯ ಮೇಲಿನ ಅಟ್ಟವೇ ಗತಿ. ಹಸಿ ಸಿಪ್ಪೆಯನ್ನು ಸಕ್ಕರೆಯೊಡನೆ ಭರಣಿಯಲ್ಲಿ ತುಂಬಿ ಬಿಸಿಲಿಗಿಟ್ಟರೆ ರಸ ಬಿಡುತ್ತದೆ. ಬೇಕಾದಾಗ ನೀರು, ಚಿಟಿಕೆ ಉಪ್ಪು, ಜೀರಿಗೆಪುಡಿ ಬೆರೆಸಿದರೆ ಪಾನಕ. ಪಟ್ಟಣದ ಗೃಹಿಣಿಯರಿಗೆ ಒಣಸಿಪ್ಪೆ ಸಾಕು: ಐದಾರು ಸಿಪ್ಪೆ ಬಿಸಿನೀರಿನಲ್ಲಿ ನೆನೆಯಿಸಿ, ಹುಣಸೆಯ ಬದಲು ಸಾರಿಗೆ ಹಾಕಿ ನೋಡಿರಿ. ತಾಮ್ರ, ಹಿತ್ತಾಳೆಯ ಪಾತ್ರೆ ಮಾತ್ರ ಬೇಡ.

ಬೀಜವನ್ನು ಎಸೆಯುವವರೇ ಹೆಚ್ಚು. ನಮ್ಮ ಅಜ್ಜಿಯ ಕಾಲದಲ್ಲಿ ಹಾಗಿರಲಿಲ್ಲ. ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಆರಿದ ಮೇಲೆ ಅದು ಗಟ್ಟಿಯಾಗುತ್ತದೆ. ತೆಗೆದು ಉಂಡೆ ಕಟ್ಟುತ್ತಿದ್ದರು. ಅದೇ ಮುರುಗಲು ತುಪ್ಪ. ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುವುದರಿಂದ ಸಾಮಾನ್ಯವಾಗಿ ಗಟ್ಟಿಯಾಗಿಯೇ ಉಳಿಯುತ್ತದೆ. ಚಳಿಗಾಲದಲ್ಲಿ ಒಡೆದ ತುಟಿಗೆ, ಹಿಮ್ಮಡಿಗೆ ಹಚ್ಚಲು ಇದರಷ್ಟು ಒಳ್ಳೆಯದನ್ನು ನಾನು ಕಂಡಿಲ್ಲ. ಇಂದು ಸೌಂದರ್ಯಸಾಧನ ತಯಾರಿಸುವವರೂ ಇದನ್ನು ಕೊಳ್ಳುತ್ತಾರೆ.

ಪೌಷ್ಟಿಕತೆಯ ಮಾತಿನಲ್ಲಿ ಉತ್ಪ್ರೇಕ್ಷೆ ಸಲ್ಲದು. ಹೊಟ್ಟೆ ತುಂಬಿಸುವ ಹಣ್ಣು ಇದಲ್ಲ. ಇದರ ಬಲ ಹುಳಿಯಲ್ಲಿ, ಆಂಥೊಸಯಾನಿನ್ ಎಂಬ ಕೆಂಪು ವರ್ಣದ್ರವ್ಯದಲ್ಲಿ. ಇದರ ದಾಯಾದಿ ಉಪ್ಪಾಗೆ. ಅದರ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ತೋರಿಸಿದರು, ಮುರುಗಲಿನಲ್ಲೂ ಅದಿದೆ. ಆ ಆಮ್ಲ ಬೊಜ್ಜು ಕರಗಿಸುತ್ತದೆಂಬ ಪ್ರಚಾರ ಹಬ್ಬಿದ ಮೇಲೆ ಕಾಡಿನ ಉಪ್ಪಾಗೆಗೆ ಬೆಲೆ ಬಂತು. ಮಾಗುವ ಮೊದಲೇ ಕೊಯ್ಯುವವರು, ಕೊಂಬೆಯನ್ನೇ ಕಡಿಯುವವರು ಹುಟ್ಟಿಕೊಂಡರು. 1998ರಲ್ಲಿ ಅಮೇರಿಕದಲ್ಲಿ 135 ಜನರ ಮೇಲೆ 12 ವಾರ ಪ್ರಯೋಗ ನಡೆದಾಗ ಈ ಔಷಧ ನುಂಗಿದವರಿಗೂ ಬರಿಯ ಹುಸಿಗುಳಿಗೆ ನುಂಗಿದವರಿಗೂ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಂಥ ಗುಳಿಗೆಗಳಿಂದ ಕೆಲವರ ಯಕೃತ್ತಿಗೆ ಕೇಡಾದ ವರದಿಗಳೂ ಇವೆ. ಸಾರಿಗೆ ಹಾಕುವ ಸಿಪ್ಪೆಯ ಮಾತು ಬೇರೆ.

ಕೊಂಬೆ ಕಡಿದವರನ್ನು ಬಯ್ಯುವ ಮುನ್ನ ನನ್ನ ತಪ್ಪನ್ನೂ ಹೇಳಬೇಕು. ಹಿತ್ತಲಲ್ಲಿ ಬೀಜದಿಂದ ಎದ್ದ ಮುರುಗಲು ಗಿಡವೊಂದನ್ನು ಹತ್ತು ವರ್ಷ ಸಾಕಿದೆ. ಹೂವಾಯಿತು, ಕಾಯಾಗಲಿಲ್ಲ. ಬಂಜೆ ಮರವೆಂದು ಕಡಿಸಿದೆ. ಮುರುಗಲಿನಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ ಎಂಬುದು ಆಮೇಲೆ ತಿಳಿಯಿತು. ಮಕ್ಕಳಿಗೆ ಲಿಂಗ ವಿವಕ್ಷೆ ಪಾಠ ಹೇಳುವ ಪಂಡಿತನಿಗೆ ಮರದ ಲಿಂಗ ಗೊತ್ತಾಗಲಿಲ್ಲ! ಬೀಜದ ಸಸಿ ಹೂ ಬಿಡುವವರೆಗೆ ಅದು ತಿಳಿಯುವುದೂ ಇಲ್ಲ. ಆದ್ದರಿಂದ ಹಿತ್ತಲಿರುವವರು ಒಳ್ಳೆಯ ಹೆಣ್ಣು ಮರದ ಕುಡಿಯಿಂದ ಕಟ್ಟಿದ ಕಸಿ ಸಸಿಯನ್ನೇ ಕೇಳಿ ತನ್ನಿರಿ. ಮುಂಗಾರು ಹಿಡಿದ ಮೇಲೆ ಜೂನ್‌ನಲ್ಲಿ ನೆಟ್ಟರೆ ಬೇರು ಊರಲು ಇಡೀ ಮಳೆಗಾಲ ಸಿಗುತ್ತದೆ.