ಹೊಸ ಫೋನೂ ನಮ್ಮ ಪಗಾರವೂ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನ ಕೆಲಸ ಮುಗಿಸಿ ಬಂದವರೂ ಇದ್ದೀರಿ, ಇಲ್ಲಿಂದ ನೇರವಾಗಿ ರಾತ್ರಿಪಾಳಿಗೆ ಹೋಗುವವರೂ ಇದ್ದೀರಿ. ಆದ್ದರಿಂದ ಪೀಠಿಕೆ ಬೇಡ. ಈಚೆಗೆ ಸೆಪ್ಟೆಂಬರ್ ಬಂತೆಂದರೆ ನಮ್ಮ ಖೋಲಿಗಳಲ್ಲಿ ಗಣಪತಿಯ ಮಾತು ಎಷ್ಟು ನಡೆಯುತ್ತದೋ ಹೊಸ ಫೋನಿನ ಮಾತೂ ಅಷ್ಟೇ ನಡೆಯುತ್ತದೆ. ಆ ಫೋನಿನ ವಿಷಯವನ್ನೇ ಇಂದು ನಾವು ಎತ್ತಿಕೊಂಡಿದ್ದೇವೆ.

ಫೋನು ಬರಿಯ ಶೋಕಿ ಎಂದು ಬೈಯುವ ಹಿರಿಯರ ಸಾಲಿನಲ್ಲಿ ನಾವು ನಿಂತಿಲ್ಲ. ಹಿಂದಿನವರು ಪಗಾರವಾದ ಮರುದಿನ ಅಂಚೆ ಕಚೇರಿಯಲ್ಲಿ ಸಾಲು ನಿಂತು ಮನಿಯಾರ್ಡರು ಮಾಡಿ, ದುಡ್ಡು ಮುಟ್ಟಿತೆಂಬ ಕಾಗದಕ್ಕಾಗಿ ದಿನ ಎಣಿಸುತ್ತಿದ್ದರು. 2016ರಲ್ಲಿ ಯುಪಿಐ ಬಂದ ಮೇಲೆ, ಕುಂದಾಪುರದಲ್ಲಿರುವ ತಾಯಿಯ ಖಾತೆಗೆ ಕೈಯಲ್ಲಿರುವ ಚಹಾ ಆರುವುದರೊಳಗೆ ಹಣ ಹೋಗುತ್ತದೆ. ಇನ್ನೊಂದು ಮಾತು. ಎಂಟು ಮಂದಿ ಮಲಗುವ ಖೋಲಿಯಲ್ಲಿ ಒಬ್ಬನಿಗೆ ತನ್ನದೇ ಎಂದು ಹೇಳಿಕೊಳ್ಳಲು ಒಂದು ಟ್ರಂಕು, ಒಂದು ಫೋನು, ಬೇರೇನಿದೆ? ದಿನವಿಡೀ ಟೇಬಲು ಒರೆಸುವ ಹುಡುಗನ ಮುಖವನ್ನು ಯಾರೂ ನೋಡುವುದಿಲ್ಲ. ಗಲ್ಲಾದ ಮೇಲಿರುವ ಧಣಿಯ ಫೋನಿನಂಥದೇ ಅವನ ಕಿಸೆಯಲ್ಲಿದ್ದರೆ ನಾಲ್ವರು ನೋಡುತ್ತಾರೆ. ಈ ಆಸೆಯಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆದರೆ ಇದು ನಮಗಿಂತ ಚೆನ್ನಾಗಿ ಫೋನು ಮಾರುವವರಿಗೆ ಗೊತ್ತಿದೆ.

ಅವರ ವ್ಯಾಪಾರದ ಬಗೆಯನ್ನು ನೋಡಿ. 2014ರ ಜುಲೈಯಲ್ಲಿ ಶಿಯೋಮಿ ಎಂಬ ಚೀನಾದ ಕಂಪನಿ 13,999 ರೂಪಾಯಿಯ ಫೋನನ್ನು ನಮ್ಮ ದೇಶಕ್ಕೆ ತಂದಿತು. ಅಂಗಡಿಯಲ್ಲಿ ಇಡಲಿಲ್ಲ, ಫ್ಲಿಪ್‌ಕಾರ್ಟ್‌ನಲ್ಲಿ ಮಾತ್ರ, ಇಂಥ ದಿನ ಇಂಥ ಹೊತ್ತಿಗೆ ಎಂದು ಸಾರಿ ಸ್ವಲ್ಪ ಸ್ವಲ್ಪವೇ ಬಿಟ್ಟರು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಮುಗಿಯಿತೆಂಬ ಸುದ್ದಿಯೇ ದೊಡ್ಡ ಜಾಹೀರಾತಾಯಿತು! ದರ್ಶಿನಿಯ ಮುಂದೆ ನೂಕುನುಗ್ಗಲಿದ್ದರೆ ದಾರಿಹೋಕನೂ ಒಳಗೆ ಇಣುಕುತ್ತಾನೆ, ಹಾಗೆ.

ನಮ್ಮ ಮುಂಬಯಿಯಲ್ಲೇ, ಬಾಂದ್ರಾ-ಕುರ್ಲಾ ಸಂಕುಲದಲ್ಲಿ ಆಪಲ್ ಕಂಪನಿ 2023ರ ಏಪ್ರಿಲ್ 18ರಂದು ಮಳಿಗೆ ತೆರೆಯಿತು. ಅದೇ ವರ್ಷದ ಸೆಪ್ಟೆಂಬರ್ 22ರಂದು ಐಫೋನ್ 15 ಮಾರಾಟಕ್ಕೆ ಬಂದಾಗ ಹಿಂದಿನ ದಿನದಿಂದಲೇ ಸಾಲು ನಿಂತವರಿದ್ದರು. ಬೆಲೆ 79,900ರಿಂದ ಮೇಲೆ. ಒಂದೇ ವರ್ಷ ಕಳೆಯಿತು. 2024ರ ಸೆಪ್ಟೆಂಬರ್‌ನಲ್ಲಿ ಐಫೋನ್ 16 ಬಂತು, ಅದೂ 79,900ಕ್ಕೇ. ಅಂದೇ 15ರ ಬೆಲೆಯನ್ನು ಕಂಪನಿಯೇ 69,900ಕ್ಕೆ ಇಳಿಸಿತು. ಸಂಜೆ ಉಳಿದ ವಡೆಯನ್ನು ಅಗ್ಗಕ್ಕೆ ಕೊಟ್ಟರೆ ಅದು ಆರಿ ತಣ್ಣಗಾಗಿರುತ್ತದೆ. ಡಬ್ಬಿ ಒಡೆಯದ ಫೋನು ಒಂದು ವರ್ಷದಲ್ಲಿ ಆರುವುದಿಲ್ಲ. ಕಾಯದೆ ಇದ್ದುದಕ್ಕೆ ಹತ್ತು ಸಾವಿರ!

ಇದು ಇಂದಿನ ಮಾತಲ್ಲ. 2007ರ ಜೂನ್ 29ರಂದು ಅಮೆರಿಕದಲ್ಲಿ ಮೊದಲ ಐಫೋನು ಮಾರಾಟವಾದಾಗ ದೊಡ್ಡ ನಮೂನೆಗೆ 599 ಡಾಲರು. ಸೆಪ್ಟೆಂಬರ್ ಮೊದಲ ವಾರದಲ್ಲೇ ಅದು 399 ಆಯಿತು. ಮೊದಲು ಕೊಂಡವರು ಕೂಗೆಬ್ಬಿಸಿದಾಗ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು, 100 ಡಾಲರನ್ನು ಹಿಂದಕ್ಕೆ ಕೊಡುವುದಾಗಿ ಹೇಳಿದರು. ಅದೂ ನಗದಲ್ಲ, ಅವರ ಅಂಗಡಿಯಲ್ಲೇ ಖರ್ಚು ಮಾಡಬೇಕಾದ ಲೆಕ್ಕದಲ್ಲಿ.

ನಗದು ಕೊಟ್ಟು ಕೊಳ್ಳುವವನ ಕಥೆ ಇದು. ನಮ್ಮವರದು ಕಂತಿನ ಕಥೆ. ‘ಬಡ್ಡಿಯಿಲ್ಲದ ಕಂತು’ ಎಂಬ ಫಲಕವನ್ನು ನೀವೆಲ್ಲ ನೋಡಿದ್ದೀರಿ. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರ್‌ನಲ್ಲಿಯೇ ಬ್ಯಾಂಕುಗಳಿಗೆ ಸುತ್ತೋಲೆ ಬರೆದಿದೆ. ಲೆಕ್ಕ ಹೀಗಿದೆ: 18,000ದ ಫೋನು, ತಿಂಗಳಿಗೆ 3,000ದಂತೆ ಆರು ಕಂತು ಎನ್ನೋಣ. ವರ್ಷಕ್ಕೆ ನೂರಕ್ಕೆ 15ರ ಬಡ್ಡಿಯಾದರೆ ಸಾಲದ ಅಸಲು ಸುಮಾರು 17,240. ಉಳಿದ 760 ಬಡ್ಡಿಯೇ. ಅಷ್ಟನ್ನು ಅಂಗಡಿಯವನೋ ಕಂಪನಿಯೋ ಬೆಲೆಯಲ್ಲಿ ಸೋಡಿ ಬಿಟ್ಟಂತೆ ತೋರಿಸುತ್ತಾರೆ. ನಗದು ಕೊಡುವವನು ಆ ಸೋಡಿಯನ್ನು ಕೇಳಿ ಪಡೆಯಬಹುದಿತ್ತಲ್ಲವೇ? ಕ್ರೆಡಿಟ್ ಕಾರ್ಡಿನ ಕಂತಾದರೆ ಬಡ್ಡಿಯ ಮೇಲೆ ನೂರಕ್ಕೆ 18ರ ಜಿಎಸ್‌ಟಿ ಬೇರೆ. ಅದರ ಮೇಲೆ ಕಾಗದಪತ್ರದ ಶುಲ್ಕ.

ಇದು ಚಿಲ್ಲರೆ ನಷ್ಟ. ದೊಡ್ಡ ನಷ್ಟ ಬೇರೆ ಇದೆ. ಹಿಂದೆ ಗಿರಣಿಯ ಬಾಗಿಲಲ್ಲಿ ಪಗಾರದ ದಿನ ಸಾಹುಕಾರ ಬಂದು ನಿಲ್ಲುತ್ತಿದ್ದ. ಹಿಂದಿನ ಬಾಗಿಲಿನಿಂದ ತಪ್ಪಿಸಿಕೊಂಡವರೂ ಇದ್ದರು, ಬಿಡಿ. ಇಂದಿನ ಸಾಹುಕಾರ ಖಾತೆಯ ಒಳಗೇ ಕುಳಿತಿರುತ್ತಾನೆ. ಪಗಾರ ಬಿದ್ದೊಡನೆ ಅವನದು ಮೊದಲ ಕೈ, ಊರಿನ ತಾಯಿಯದು ಎರಡನೆಯದು. ಮೇ ತಿಂಗಳಲ್ಲಿ ಮದುವೆಗೋ ಕೋಲಕ್ಕೋ ಊರಿಗೆ ಹೋಗುತ್ತೇವೆ. ಬಹಳ ಮಂದಿಗೆ ಆ ದಿನಗಳ ಪಗಾರವಿಲ್ಲ, ಕಂತಿಗೆ ಮಾತ್ರ ರಜೆಯಿಲ್ಲ. ತಪ್ಪಿದರೆ ಬ್ಯಾಂಕಿನದೊಂದು ದಂಡ, ಸಾಲ ಕೊಟ್ಟವರದೊಂದು ದಂಡ. ಸಿಬಿಲ್ ದಾಖಲೆಯಲ್ಲಿ ಹೆಸರು ಕೆಡುತ್ತದೆ. ನಾಳೆ ತಂಗಿಯ ಮದುವೆಗೆ ನಿಜವಾಗಿ ಸಾಲ ಬೇಕಾದಾಗ ಈ ಫೋನು ಅಡ್ಡ ಬರುತ್ತದೆ.

ಹೊಸ ಫೋನು ಬಂದರೆ ದೇಶಕ್ಕೆ ಕೆಲಸ ಸಿಗುತ್ತದೆ ಎನ್ನುತ್ತಾರೆ. ನಿಜವೇ. 2020ರ ಏಪ್ರಿಲ್‌ನಿಂದ ಫೋನಿನ ಮೇಲೆ ನೂರಕ್ಕೆ 18ರ ತೆರಿಗೆಯಿದೆ, ಸರಕಾರದ ಬೊಕ್ಕಸಕ್ಕೂ ಲಾಭವೇ. 2017ರಲ್ಲಿ ಬೆಂಗಳೂರಿನಲ್ಲಿ ವಿಸ್ಟ್ರಾನ್ ಎಂಬ ತೈವಾನಿನ ಕಂಪನಿ ಐಫೋನು ಜೋಡಿಸತೊಡಗಿತು; ಬಳಿಕ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಕಾರ್ಖಾನೆ ಕಟ್ಟಿತು. ಅಲ್ಲಿ 2020ರ ಡಿಸೆಂಬರ್ 12ರಂದು ಏನಾಯಿತು? ಪಗಾರ ಸರಿಯಾಗಿ ಬರಲಿಲ್ಲವೆಂದು ರೋಸಿದ ಕೆಲಸಗಾರರು, ಬಹುಪಾಲು ಗುತ್ತಿಗೆಯವರು, ಕಾರ್ಖಾನೆಯ ಗಾಜು ಪುಡಿಮಾಡಿದರು. ಒಡೆದದ್ದನ್ನು ನಾವು ಮೆಚ್ಚುವುದಿಲ್ಲ; ಒಡೆದವರು ಜೈಲು ಕಂಡರು. ಆದರೆ ಕೆಲವರಿಗೆ ಸಕಾಲಕ್ಕೆ ಸರಿಯಾದ ಸಂಬಳ ಕೊಟ್ಟಿರಲಿಲ್ಲವೆಂದು ವಿಸ್ಟ್ರಾನೇ ಒಪ್ಪಿ ಕ್ಷಮೆ ಕೇಳಿತು. ತಪ್ಪು ತಿದ್ದುವ ತನಕ ಹೊಸ ಕೆಲಸ ಕೊಡುವುದಿಲ್ಲವೆಂದು ಆಪಲ್ ಹೇಳಿತು. 2023ರಲ್ಲಿ ಆ ಕಾರ್ಖಾನೆ ಟಾಟಾದವರ ಕೈಗೆ ಬಂತು. ಫೋನಿನ ಹಾಡು ಹೊಗಳುವಾಗ ಈ ನರಸಾಪುರದ ಪುಟವನ್ನು ಯಾರೂ ಓದುವುದಿಲ್ಲ.

ಕೊಳ್ಳಲೇಬೇಕಾದರೆ ಹಿಂದಿನ ವರ್ಷದ ನಮೂನೆಯನ್ನು ಕೇಳಿ. ಎಷ್ಟು ವರ್ಷ ಸಾಫ್ಟ್‌ವೇರ್ ಸುಧಾರಣೆ ಕೊಡುತ್ತಾರೆಂದು ಕೇಳಿ. 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಎಸ್24 ಫೋನಿಗೆ ಏಳು ವರ್ಷವೆಂದು ಮಾತು ಕೊಟ್ಟಿತು. ಹಳೆಯದು ನಿಧಾನವಾಯಿತೆಂದು ಎಸೆಯುವ ಮುಂಚೆ ಬ್ಯಾಟರಿ ಬದಲಿಸಿ ನೋಡಿ. ಬ್ಯಾಟರಿ ಸವೆದ ಹಳೆಯ ಐಫೋನುಗಳ ವೇಗವನ್ನು ತಾನೇ ತಗ್ಗಿಸಿದ್ದಾಗಿ ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿದೆ.

ಈಗಾಗಲೇ ಕಂತಿಗೆ ಸಹಿ ಹಾಕಿದವರು ಆ ಕಾಗದವನ್ನು ಬರುವ ರವಿವಾರ ಇಲ್ಲಿಗೆ ತನ್ನಿ. ಇಂಗ್ಲಿಷಿನ ಸಣ್ಣ ಅಕ್ಷರವೆಂದು ಸಂಕೋಚ ಬೇಡ. ಕುಳಿತು ಓದಿ, ಇನ್ನೆಷ್ಟು ಕೊಡಬೇಕು, ಮುಂಚಿತವಾಗಿ ತೀರಿಸಿದರೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿಕೊಡುತ್ತೇವೆ. ಹೋಟೆಲಿನವರು ಮೂರು ಗಂಟೆಯ ಬಿಡುವಿನಲ್ಲಿ ಬರಬಹುದು.