ಟಪಾಲು ಕಚೇರಿಯ ಕುರ್ಚಿ ಯಾರದು?

(ಕುಡಚಿಯಲ್ಲಿ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಕೂಡುಸಭೆಯಲ್ಲಿ ಮಾಡಿದ ಭಾಷಣದ ಪಾಠ)

ಸಂಗಾತಿಗಳೇ, ಅಂಗಡಿಕಾರ ಬಂಧುಗಳೇ, ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕುಳಿತಿರುವ ತಾಯಂದಿರೇ,

ಹಿಂದಿನ ಸಾಲು ಎಂಬ ಮಾತನ್ನು ಬೇಕೆಂದೇ ಆಡಿದೆವು. ಸ್ತ್ರೀಯರ ಮುಂದಾಳುತನದ ಕುರಿತು ಮಾತನಾಡಿರೆಂದು ನಮ್ಮನ್ನು ಕರೆಸಿದವರು ವೇದಿಕೆಯ ಮೇಲೆ ಏಳು ಕುರ್ಚಿ ಹಾಕಿದ್ದಾರೆ. ಏಳರಲ್ಲಿಯೂ ಗಂಡಸರೇ ಕುಳಿತಿದ್ದೇವೆ. ಈ ತಪ್ಪಿನಲ್ಲಿ ನಮ್ಮ ಪಾಲೂ ಉಂಟು. ಗಾಡಿಯಿಂದ ಇಳಿದು ಇಲ್ಲಿಗೆ ಬರುವತನಕ ನಮಗೂ ಅದು ಹೊಳೆಯಲಿಲ್ಲ.

ಟಪಾಲು ಖಾತೆಯನ್ನೇ ಏಕೆ ಆರಿಸಿಕೊಂಡಿರಿ, ಕಬ್ಬಿನ ಬಿಲ್ಲಿನ ಮಾತು ಹೇಳಿರಿ, ಬೋನಸ್ಸಿನ ಮಾತು ಹೇಳಿರಿ ಎಂದು ಉಗಾರ ಕಡೆಯಿಂದ ಬಂದ ಕೆಲವು ಕಾರ್ಮಿಕ ಸಂಗಾತಿಗಳು ಕೇಳಿದರು. ಆ ಮಾತುಗಳನ್ನು ಆಡುವವರು ಬಹಳ ಜನ ಇದ್ದಾರೆ. ಆದರೆ ಈ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ಟಪಾಲು ಕಚೇರಿಗಳಿವೆ. ಅವುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಹಳ್ಳಿಗಳಲ್ಲಿವೆ. ಸರ್ಕಾರದ ಬೇರೆ ಯಾವ ಬಾಗಿಲೂ ಬಡವನ ಮನೆಗೆ ಇಷ್ಟು ಹತ್ತಿರ ಇಲ್ಲ. ಮುದುಕಿಯ ವಿಧವಾ ವೇತನ, ಮಗಳ ಹೆಸರಿನ ಸುಕನ್ಯಾ ಖಾತೆ, ಹಂಗಾಮಿನಲ್ಲಿ ದುಡಿದು ಉಳಿಸಿದ ನೂರಿನ್ನೂರು ರೂಪಾಯಿ, ಎಲ್ಲವೂ ಆ ಬಾಗಿಲಿನಿಂದಲೇ ಹೋಗಬೇಕು, ಬರಬೇಕು. ಆ ಬಾಗಿಲಿನೊಳಗೆ ಯಾರು ಕುಳಿತಿದ್ದಾರೆ, ಅವರಿಗೆ ಏನು ಕೊಡುತ್ತಿದ್ದೇವೆ ಎಂಬುದು ನಿಮ್ಮ ಬೋನಸ್ಸಿನಷ್ಟೇ ದೊಡ್ಡ ಪ್ರಶ್ನೆ.

ಕಳೆದ ಹಂಗಾಮಿನಲ್ಲಿ ಕೃಷ್ಣೆಯ ದಂಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಊರ ಹೆಸರು ಬೇಡ. ಅಲ್ಲಿಯ ಶಾಖಾ ಟಪಾಲು ಕಚೇರಿ ಎಂದರೆ ಒಂದು ಮನೆಯ ಪಡಸಾಲೆ. ಒಂದು ಮೇಜು, ಒಂದು ತಕ್ಕಡಿ, ತಾರೀಖಿನ ಠಸೆ, ಗೂಟಕ್ಕೆ ತೂಗು ಹಾಕಿದ ಟಪಾಲು ಚೀಲ. ಮೇಜಿನ ಹಿಂದೆ ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಲೆಕ್ಕ ಬರೆಯುತ್ತಿದ್ದಳು. ನಮ್ಮ ಜೊತೆಗಿದ್ದ ಕಿರಾಣಿ ಅಂಗಡಿಯ ಹಿರಿಯರು ಒಳಗೆ ಇಣುಕಿ ನೋಡಿ, “ಪೋಸ್ಟಮಾಸ್ತರು ಎಲ್ಲಿ ಹೋಗ್ಯಾರವಾ?” ಎಂದು ಕೇಳಿದರು. ಅವಳು ತಲೆ ಎತ್ತಲಿಲ್ಲ. “ನಾನಽ ಅದೀನ್ರಿ ಕಾಕಾ, ಕೂಡ್ರಿ. ಏನ್ ಬೇಕಾಗಿತ್ತು?” ಎಂದಳು. ಹಿರಿಯರು ಕುಳಿತರು. ಆದರೂ ಅರ್ಧ ಗಳಿಗೆಯ ಮೇಲೆ ಅವಳ ಗಂಡ ಹೊಲದಿಂದ ಬಂದಾಗ, ತಮ್ಮ ಪಾಸಬುಕ್ಕನ್ನು ಅವನ ಕೈಗೇ ಕೊಟ್ಟರು! ಗಂಡ ಅದನ್ನು ನಕ್ಕು ಹೆಂಡತಿಯ ಮುಂದಿಟ್ಟು ಒಳಗೆ ಹೋದ. ಆ ಹಿರಿಯರು ಈ ಸಭೆಯಲ್ಲಿಯೂ ಇದ್ದಾರೆ, ಸಿಟ್ಟಾಗಬಾರದೆಂದು ಬೇಡುತ್ತೇವೆ.

ಈ ಹೆಣ್ಣುಮಗಳನ್ನು ಊರವರು ‘ಪೋಸ್ಟಿನ ಅಕ್ಕಾರು’ ಎನ್ನುತ್ತಾರೆ. ಸರ್ಕಾರದ ಕಾಗದದಲ್ಲಿ ಅವಳು ಗ್ರಾಮೀಣ ಡಾಕ್ ಸೇವಕಿ, ಶಾಖಾ ಪೋಸ್ಟಮಾಸ್ತರು. ಹತ್ತನೆಯ ಇಯತ್ತೆಯ ಅಂಕಗಳ ಮೇಲೆ ಆಯ್ಕೆಯಾದವಳು. ಅಂಕಗಳ ಮೇಲೆ ಆಯ್ಕೆ ನಡೆಯತೊಡಗಿದ ಮೇಲೆ ಪೋಸ್ಟಿನ ಕುರ್ಚಿಗೆ ಊರ ಗೌಡರ ಶಿಫಾರಸು ಬೇಕಿಲ್ಲ. ಹೆಣ್ಣುಮಕ್ಕಳಿಗೆ ಅರ್ಜಿಯ ಶುಲ್ಕವೂ ಇಲ್ಲ. ಇಷ್ಟರಮಟ್ಟಿಗೆ ಬಾಗಿಲು ತೆರೆದದ್ದನ್ನು ನಾವು ಒಪ್ಪುತ್ತೇವೆ. ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ.

ಇನ್ನು ಮೇಲಿನ ಅಟ್ಟವನ್ನು ನೋಡಿರಿ. 2010ರಲ್ಲಿ ದಿಲ್ಲಿಯ ಟಪಾಲು ಖಾತೆಯ ಕಾರ್ಯದರ್ಶಿಯಾಗಿದ್ದವರು ರಾಧಿಕಾ ದೊರೈಸ್ವಾಮಿ. 2024ರಲ್ಲಿ ವಂದಿತಾ ಕೌಲ್. 2021ರಲ್ಲಿ ನಮ್ಮ ಕರ್ನಾಟಕ ವಲಯದ ಮುಖ್ಯ ಪೋಸ್ಟಮಾಸ್ಟರ್ ಜನರಲ್ ಶಾರದಾ ಸಂಪತ್. 2013ರ ಮಾರ್ಚ್ 8ರಂದು ದಿಲ್ಲಿಯ ಶಾಸ್ತ್ರೀ ಭವನದಲ್ಲಿ ಹೆಂಗಸರೇ ನಡೆಸುವ ಟಪಾಲು ಕಚೇರಿಯನ್ನು ತೆರೆದರು. ಇವು ಸಣ್ಣ ಸಂಗತಿಗಳಲ್ಲ. ಕೊಡಗಿನ ವಿರಾಜಪೇಟೆಯ ಸಿ. ಬಿ. ಮುತ್ತಮ್ಮನವರನ್ನು ನೆನೆಯಿರಿ. 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಣ್ಣುಮಗಳು ಅವರು. ಮದುವೆಯಾದರೆ ನೌಕರಿ ಬಿಡುತ್ತೇನೆಂದು ಬರೆದುಕೊಡಬೇಕಾಗಿತ್ತು! ಬಡ್ತಿ ಸಿಗದೆ ಕೊನೆಗೆ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರರು ಆ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಸರ್ಕಾರ ತಲೆ ತಗ್ಗಿಸಿತು. ಅಂಥವರು ಕಾದಾಡಿದ್ದರಿಂದಲೇ ಇಂದು ದೊಡ್ಡ ಕುರ್ಚಿಗಳಲ್ಲಿ ಸ್ತ್ರೀಯರು ಕಾಣುತ್ತಾರೆ.

ಆದರೆ ಪಡಸಾಲೆಯ ಕುರ್ಚಿಗೂ ದಿಲ್ಲಿಯ ಕುರ್ಚಿಗೂ ನಡುವೆ ಏಣಿ ಇದೆಯೇ? ಅಮೆರಿಕದಲ್ಲಿ ಮೇಗನ್ ಬ್ರೆನನ್ ಎಂಬ ಹೆಣ್ಣುಮಗಳು 1986ರಲ್ಲಿ ಪೆನ್ಸಿಲ್ವೇನಿಯಾ ಪ್ರಾಂತದ ಒಂದು ಊರಿನಲ್ಲಿ ಮನೆಮನೆಗೆ ಟಪಾಲು ಹಂಚುವ ಕೆಲಸಕ್ಕೆ ಸೇರಿ, 2015ರಲ್ಲಿ ಇಡೀ ದೇಶದ ಪೋಸ್ಟಮಾಸ್ಟರ್ ಜನರಲ್ ಆದಳು. ಬಂಡವಾಳಶಾಹಿ ದೇಶದಲ್ಲಿ ಈ ಏಣಿ ಉಂಟು. ನಮ್ಮಲ್ಲಿ ಮೇಲಿನವರು ಬರುವುದು ಯು.ಪಿ.ಎಸ್.ಸಿ. ಪರೀಕ್ಷೆಯ ದಾರಿಯಿಂದ. ಕೆಳಗಿನವಳು ಬಹಳ ಕಷ್ಟಪಟ್ಟರೆ ಖಾತೆಯ ಪರೀಕ್ಷೆ ಬರೆದು ಪೋಸ್ಟಮನ್ ಆದಾಳು, ಗುಮಾಸ್ತಳಾದಾಳು.

ಅವಳಿಗೆ ಕೊಡುವುದೇನು? ಕಾಗದದ ಪ್ರಕಾರ ಅವಳ ಕೆಲಸ ದಿನಕ್ಕೆ 4 ಇಲ್ಲವೆ 5 ತಾಸು. 2018ರ ಆದೇಶದಂತೆ 4 ತಾಸಿನ ಶಾಖಾ ಪೋಸ್ಟಮಾಸ್ತರಿಗೆ ಮೂಲ 12,000 ರೂಪಾಯಿ, 5 ತಾಸಿನವರಿಗೆ 14,500, ಮೇಲೆ ತುಟ್ಟಿಭತ್ಯೆ. ಕಚೇರಿಗೆ ಜಾಗ ಅವಳೇ ಒದಗಿಸಬೇಕು. ಕಾಯಂ ನೌಕರರಿಗಿರುವಂಥ ಪಿಂಚಣಿ ಇಲ್ಲ. ನಾಲ್ಕು ತಾಸಿನ ನೌಕರಿಯೆಂಬುದು ಎಂಥ ಲೆಕ್ಕ? ಪಡಸಾಲೆಯಲ್ಲಿ ಕಚೇರಿ ಇದ್ದವಳಿಗೆ ಬಾಗಿಲು ಮುಚ್ಚುವ ಹೊತ್ತು ಯಾವುದು? ರಾತ್ರಿ ಎಂಟಕ್ಕೂ ಬಂದು “ಅಕ್ಕಾ, ನನ್ನ ಪಗಾರ ಬಂದೈತೇನು ನೋಡು” ಎನ್ನುವವರಿಗೆ ಅವಳು ನಾಳೆ ಬಾ ಎನ್ನುವಳೇ? ನಮ್ಮೆದುರಿಗೇ ಹಾಗೆ ಒಬ್ಬಳು ಬಂದಳು. ಒಲೆಯ ಮೇಲಿನ ರೊಟ್ಟಿ ಬಿಟ್ಟು ಎದ್ದು ಬಂದು ಅಕ್ಕಾರು ಹೆಬ್ಬೆಟ್ಟು ಒತ್ತಿಸಿಕೊಂಡರು. ಯಂತ್ರಕ್ಕೆ ಸಿಗ್ನಲ್ ಸಿಗಲಿಲ್ಲ. ಮಾಳಿಗೆಯ ಮೇಲೆ ಹತ್ತಿದರು. ಮೂರನೆಯ ಸಲಕ್ಕೆ ಹಣ ಬಂತು. ಆ ಹೊತ್ತನ್ನು ಯಾವ ರಜಿಸ್ಟರಿನಲ್ಲಿ ಬರೆಯುತ್ತಾರೆ?

ಇದೇ ನೌಕರಶಾಹಿಯ ಹಳೆಯ ಜಾಣತನ. ಹಿಂದೆ ಇವರನ್ನು ‘ಖಾತೆಯ ಹೊರಗಿನ ಏಜೆಂಟರು’ ಎಂದು ಕರೆಯುತ್ತಿದ್ದರು. ಖಾತೆಯ ಕೆಲಸ ಮಾಡುವವರು ಖಾತೆಯ ಹೊರಗೆ! 1977ರ ಏಪ್ರಿಲ್ 22ರಂದು ಸುಪ್ರೀಂ ಕೋರ್ಟು ಈ ಆಟಕ್ಕೆ ತಡೆ ಹಾಕಿತು. ಆ ಮೊಕದ್ದಮೆ ಇಂದಿಗೂ ಒಬ್ಬ ಹೆಣ್ಣುಮಗಳ ಹೆಸರಿನಿಂದಲೇ ನಡೆಯುತ್ತದೆ, ಪಿ. ಕೆ. ರಾಜಮ್ಮನ ಮೊಕದ್ದಮೆ ಎಂದೇ ವಕೀಲರು ಹೇಳುತ್ತಾರೆ. ಇವರು ಏಜೆಂಟರಲ್ಲ, ಕೇಂದ್ರ ಸರ್ಕಾರದ ನಾಗರಿಕ ಹುದ್ದೆಯಲ್ಲಿರುವವರು, ವಿಚಾರಣೆಯಿಲ್ಲದೆ ಕಿತ್ತುಹಾಕಲಾಗದು ಎಂದು ಕೋರ್ಟು ತೀರ್ಪಿತ್ತಿತು. ಹುದ್ದೆ ಎಂದರು, ಆದರೆ ಕಾಯಂ ಸೇವೆಯ ಹೊರಗಿನ ಹುದ್ದೆ ಎಂದರು. ಆ ‘ಹೊರಗೆ’ ಎಂಬ ಶಬ್ದ ಇನ್ನೂ ಹೋಗಿಲ್ಲ. 2018ರ ಮೇ 22ರಿಂದ ದೇಶದ ಡಾಕ್ ಸೇವಕರು ಎರಡು ವಾರಕ್ಕೂ ಮೀರಿ ಮುಷ್ಕರ ಹೂಡಿದರು. ಜೂನ್ 6ರಂದು ಕೇಂದ್ರ ಸಂಪುಟ ಹೊಸ ವೇತನಕ್ಕೆ ಒಪ್ಪಿತು. ಈಗ ಹೇಳಿದ 12,000 ಬಂದದ್ದು ಹಾಗೆ. ಯಾರ ಔದಾರ್ಯದಿಂದಲೂ ಅಲ್ಲ. ಎಂಟು ತಾಸಿನ ಕೆಲಸ, ಪಿಂಚಣಿ, ಈ ಬೇಡಿಕೆಗಳು ಹಾಗೆಯೇ ಉಳಿದವು.

ಇಲ್ಲಿ ಒಬ್ಬ ತರುಣ ಸಂಗಾತಿ ಚೀಟಿ ಕಳಿಸಿದ್ದಾನೆ: “ಮೇಲೆ ಹೆಂಗಸು ಕುಳಿತರೆ ಕೆಳಗಿನ ಹೆಂಗಸಿನ ದುಃಖ ತಿಳಿಯುವುದಿಲ್ಲವೇ?” ಒಳ್ಳೆಯ ಪ್ರಶ್ನೆ. ಇದಕ್ಕೆ ಇಂಗ್ಲಂಡದ ಕಥೆಯೇ ಉತ್ತರ, ಸ್ವಲ್ಪ ನಿಧಾನವಾಗಿ ಕೇಳಿರಿ.

ಅಲ್ಲಿಯ ಟಪಾಲು ಕಚೇರಿಗಳಿಗೆ 1999ರಿಂದ ‘ಹೊರೈಜನ್’ ಎಂಬ ಗಣಕಯಂತ್ರದ ಲೆಕ್ಕಪದ್ಧತಿ ತಂದರು. ಅದರಲ್ಲಿ ದೋಷವಿತ್ತು. ಇಲ್ಲದ ಕೊರತೆಯನ್ನು ತೋರಿಸುತ್ತಿತ್ತು. ಯಂತ್ರ ತಪ್ಪುವುದಿಲ್ಲ, ನೀವೇ ಕದ್ದಿರಿ ಎಂದು ಸಣ್ಣ ಊರಿನ ಪೋಸ್ಟಮಾಸ್ತರರ ಮೇಲೆ ಮೊಕದ್ದಮೆ ಹೂಡಿದರು. 2015ರವರೆಗೆ 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಅವರಲ್ಲಿ ಬಹುಮಂದಿ ನಿಮ್ಮಂತೆ ಸಣ್ಣ ಅಂಗಡಿಕಾರರು; ಕಿರಾಣಿ ಕಟ್ಟೆಯ ಪಕ್ಕದಲ್ಲೇ ಪೋಸ್ಟಿನ ಕಟ್ಟೆ ನಡೆಸುತ್ತಿದ್ದವರು. ಸೀಮಾ ಮಿಶ್ರಾ ಎಂಬ ಭಾರತ ಮೂಲದ ಹೆಣ್ಣುಮಗಳು 2010ರಲ್ಲಿ ಬಸುರಿಯಾಗಿದ್ದಾಗಲೇ ಜೈಲಿಗೆ ಹೋದಳು. ಅವಳು ತಪ್ಪಿತಸ್ಥಳಲ್ಲವೆಂದು ಕೋರ್ಟು ಹೇಳಿದ್ದು 2021ರಲ್ಲಿ. 2012ರಿಂದ 2019ರವರೆಗೆ ಆ ಸಂಸ್ಥೆಯ ಮುಖ್ಯಾಧಿಕಾರಿ ಯಾರು? ಪೌಲಾ ವೆನೆಲ್ಸ್ ಎಂಬ ಸ್ತ್ರೀ! ಯಂತ್ರ ಸರಿಯಿದೆಯೆಂಬ ವಾದವನ್ನು ಅವರ ಕಾಲದಲ್ಲಿಯೂ ಸಂಸ್ಥೆ ಬಿಡಲಿಲ್ಲ. 2024ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿ ಶಿಕ್ಷೆಗಳನ್ನು ರದ್ದುಪಡಿಸಬೇಕಾಯಿತು. ಆ ವರ್ಷವೇ ಆ ತಾಯಿ ತಮ್ಮ ಬಿರುದನ್ನು ಹಿಂದಿರುಗಿಸುವುದಾಗಿ ಹೇಳಿದರು.

ಇದರಿಂದ ಹೆಂಗಸರು ಮೇಲೆ ಹೋಗುವುದು ಬೇಡವೆಂದು ಯಾರೂ ತಿಳಿಯಬಾರದು. ಹಾಗೆಂದು ತಿಳಿಯಲು ಕಾಯುತ್ತಿರುವವರು ನಮ್ಮಲ್ಲಿಯೇ ಇದ್ದಾರೆ. ಗಂಡಸರು ಮಾಡಿದ ಅನ್ಯಾಯಕ್ಕೆ ಗಂಡಸರೆಲ್ಲ ಅಯೋಗ್ಯರೆಂದು ಯಾರಾದರೂ ಹೇಳಿದ್ದುಂಟೇ? ಮೇಲಿನವರು ಗಂಡಾಗಲಿ ಹೆಣ್ಣಾಗಲಿ, ಕೆಳಗಿನವರಿಗೆ ಸಂಘವೂ ದನಿಯೂ ಇಲ್ಲದಿದ್ದರೆ ಮಾತು ಮೇಲೆ ಮುಟ್ಟುವುದಿಲ್ಲ. ನಾವು ಹೇಳುವುದು ಇಷ್ಟೇ.

ಮತ್ತು ನಮ್ಮ ಅಕ್ಕಾರಿಗೂ ಈ ಕಥೆಗೂ ನಂಟಿದೆ. 2017ರ ಡಿಸೆಂಬರಿನಲ್ಲಿ ಆರಂಭವಾದ ‘ದರ್ಪಣ’ ಯೋಜನೆಯಿಂದ ಹಳ್ಳಿಯ ಕಚೇರಿಗಳಿಗೂ ಕೈಯಂತ್ರ ಬಂತು. 2018ರ ಸೆಪ್ಟೆಂಬರ್ 1ರಂದು ಟಪಾಲು ಬ್ಯಾಂಕು ಬಂತು. ಲಾಕ್‌ಡೌನ್ ಕಾಲದಲ್ಲಿ, 2020ರಲ್ಲಿ, ಬ್ಯಾಂಕಿಗೆ ಹೋಗಲಾರದ ಮುದುಕರಿಗೆ ಮನೆ ಬಾಗಿಲಿನಲ್ಲಿ ಹಣ ಎಣಿಸಿ ಕೊಟ್ಟದ್ದು ಈ ಯಂತ್ರದಿಂದಲೇ. ಯಂತ್ರವನ್ನು ನಾವು ಬೈಯುವುದಿಲ್ಲ. ಸಂಜೆಯ ಲೆಕ್ಕಕ್ಕೆ ಐನೂರು ರೂಪಾಯಿ ಕಡಿಮೆ ಬಿದ್ದರೆ ಏನು ಮಾಡುವೆ ತಂಗೀ ಎಂದು ಅವಳನ್ನು ಕೇಳಿದೆವು. “ಏನ್ ಮಾಡೂದ್ರಿ, ಕೈಲೆ ಹಾಕೂದು” ಎಂದಳು. ಎರಡು ಸಲ ಹಾಕಿದ್ದಾಳೆ. ಒಂದು ಸಲ ತಾನೇ ಎಣಿಸುವುದರಲ್ಲಿ ತಪ್ಪಿದ್ದಳಂತೆ. ಇನ್ನೊಂದು ಸಲ ಯಾರದು ತಪ್ಪೆಂಬುದು ಅವಳಿಗೆ ಇಂದಿಗೂ ತಿಳಿದಿಲ್ಲ. ಯಾರನ್ನು ಕೇಳಬೇಕೆಂಬುದೂ ತಿಳಿದಿಲ್ಲ.

ಸಂಘಕ್ಕೆ ಸೇರಿದ್ದೀಯಾ ಎಂದೆವು. ಸೇರಿದ್ದಾಳೆ, ವರ್ಗಣಿ ಕೊಡುತ್ತಾಳೆ. ಸಭೆಗೆ? “ಸಭಾ ಜಿಲ್ಲಾ ಊರಾಗ ಇರ್ತಾವ್ರಿ, ಸಂಜಿಮುಂದ. ಮನಿಗೆ ಬರೂದು ಹ್ಯಾಂಗ?” ಕೇಳಿದಿರಲ್ಲ? ಸಂಜೆ ಆರಕ್ಕೆ ಸಭೆ ಕರೆಯುವವರು ನಾವು. ಹೆಂಗಸರು ಮುಂದೆ ಬರುತ್ತಿಲ್ಲವೆಂದು ಠರಾವು ಬರೆಯುವವರೂ ನಾವೇ. ಹೆಂಗಸರನ್ನೂ ಹಿಂದುಳಿದವರಲ್ಲಿಯೇ ಎಣಿಸಿ ಶೇಕಡಾ 60ರ ವಿಶೇಷ ಅವಕಾಶ ಕೊಡಬೇಕೆಂದು ಲೋಹಿಯಾ ಹೇಳಿದರು. ಅವರ ಹೆಸರು ಹೇಳುವ ಎಷ್ಟು ಸಂಘಗಳಲ್ಲಿ ಕಾರ್ಯದರ್ಶಿಣಿ ಇದ್ದಾಳೆ? ದೂರ ಹೋಗಬೇಡಿರಿ. 1980ರ ಆಸುಪಾಸಿನಲ್ಲಿ ನಿಪ್ಪಾಣಿಯ ತಂಬಾಕು ವಖಾರಿಗಳ ಹೆಣ್ಣಾಳುಗಳು ಸಂಘ ಕಟ್ಟಿ ಮಾಲೀಕರ ಮುಂದೆ ನಿಂತರು. ಓದು ಬರಹ ಬಾರದವರು. ಮುಂದಾಳುತನಕ್ಕೆ ಹೆಣ್ಣು ಸಿದ್ಧಳಿಲ್ಲ ಎಂಬ ಮಾತನ್ನು ಈ ಸೀಮೆಯಲ್ಲಿ ಯಾರೂ ಆಡುವಂತಿಲ್ಲ.

ಹಳೆಯದೊಂದು ಸಂಗತಿ. ಅಮೆರಿಕದ ಬಾಲ್ಟಿಮೋರ್ ಪಟ್ಟಣದಲ್ಲಿ ಮೇರಿ ಕ್ಯಾಥರೀನ್ ಗೊಡ್ಡಾರ್ಡ್ ಎಂಬವಳು 1775ರಿಂದ 14 ವರ್ಷ ಪೋಸ್ಟಮಾಸ್ತರಳಾಗಿದ್ದಳು. 1789ರಲ್ಲಿ ಅವಳನ್ನು ತೆಗೆದು ಗಂಡಸನ್ನು ಕೂಡ್ರಿಸಿದರು. ಕಾರಣ? ಈ ಕೆಲಸಕ್ಕೆ ಊರೂರು ತಿರುಗಬೇಕು, ಹೆಂಗಸಿನಿಂದಾಗದು! ಆ ಊರಿನ ಇನ್ನೂರಕ್ಕೂ ಹೆಚ್ಚು ನಾಗರಿಕರು, ವ್ಯಾಪಾರಿಗಳೂ ಸೇರಿ, ಅವಳೇ ಬೇಕೆಂದು ಅರ್ಜಿಗೆ ಸಹಿ ಹಾಕಿದರು. ಸರ್ಕಾರ ಕೇಳಲಿಲ್ಲ. ಆದರೂ ಇನ್ನೂರು ಜನ ಸಹಿ ಹಾಕಿದರೆಂಬುದನ್ನು ನೆನಪಿಡಿರಿ. ಡಾಕ್ ಸೇವಕರ ಮುಷ್ಕರವಾದಾಗ ಕುಡಚಿಯ ಪೇಟೆಯಿಂದ ಎಷ್ಟು ಸಹಿಗಳು ಹೋದವು? ಮಳೆಗಾಲದಲ್ಲಿ ಕುಡಚಿ-ಉಗಾರ ಸೇತುವೆ ಮುಳುಗಿದಾಗ ನಮ್ಮ ಟಪಾಲು ಬರಲಿಲ್ಲವೆಂದು ಗೊಣಗುತ್ತೇವೆ. ಸುತ್ತು ಹಾಕಿ ತರುವವಳ ಕಾಲಿನ ಬಗೆಗೆ ಕೇಳುವುದಿಲ್ಲ.

ನಿಮ್ಮ ಅಂಗಡಿಗೆ ತಿಂಗಳು ತಿಂಗಳು ಬಂದು ಐದು ವರ್ಷದ ಆರ್.ಡಿ. ಹಣ ಕಟ್ಟಿಸಿಕೊಂಡು ಹೋಗುವ ಮಹಿಳಾ ಏಜೆಂಟರ ಮಾತೂ ಇದೇ. 1972ರಲ್ಲಿ ಆರಂಭವಾದ ಪದ್ಧತಿ. ನೂರಕ್ಕೆ ನಾಲ್ಕು ರೂಪಾಯಿ ದಲಾಲಿ. ಆ ಬಾಯಿಯನ್ನು ಗಿರಾಕಿಗಳೆಲ್ಲ ಹೋಗುವತನಕ ನಿಲ್ಲಿಸಿ, ಆ ಮೇಲೆ “ನಾಳೆ ಬಾರವಾ” ಎನ್ನುವ ವ್ಯಾಪಾರಿ ಬಂಧುಗಳು ಯಾರು ಯಾರೆಂದು ನಮಗೆ ಗೊತ್ತಿದೆ.

ಇನ್ನೊಂದು ಚೀಟಿ ಬಂದಿದೆ. ಕಾರಖಾನೆಯ ಬಾಯ್ಲರ್ ಖಾತೆಯ ಸಂಗಾತಿಯೊಬ್ಬರು ತಮ್ಮ ಮಗಳು ಶಾಖಾ ಪೋಸ್ಟಮಾಸ್ತರಳಾಗಲು ಏನು ಬೇಕೆಂದು ಕೇಳಿದ್ದಾರೆ. ವಯಸ್ಸು 18ರಿಂದ 40. ಹತ್ತನೆಯದರಲ್ಲಿ ಗಣಿತ, ಇಂಗ್ಲಿಷು ಪಾಸಾಗಿರಬೇಕು, ಕನ್ನಡ ಕಲಿತಿರಬೇಕು. ಗಣಕಯಂತ್ರ ತಿಳಿದಿರಬೇಕು. ಆಯ್ಕೆಯಾದರೆ ಆ ಊರಿನಲ್ಲಿಯೇ ನೆಲೆಸಬೇಕು. ಮತ್ತು ಸೈಕಲ್ಲು ಬರಬೇಕು ಎಂದಿದೆ.

ಸೈಕಲ್ಲು ಬರುತ್ತದೆಯೇ ಎಂದು ಅವರನ್ನು ಕೇಳಿದೆವು. ಹಿಂದಿನ ಸಾಲಿನಿಂದ ಮಗಳೇ ಎದ್ದು ನಿಂತು, ಬರುತ್ತದೆ ಎಂದಳು.